ಬಾಗಿಲ ಹಿಂದಿನ ಬೋರ್ಡು

ಗೋಡೆ ಆಗಲೇ ಮೊಣಕಾಲಿನವರೆಗೆ ಬಂದಿತ್ತು. ಪಕ್ಕದ ಸಿಮೆಂಟು ಅಂಗಡಿಯವನು ಓಣಿಯ ಬಾಯಿಗೆ ಅಡ್ಡಲಾಗಿ ಇಟ್ಟಿಗೆ ಕಟ್ಟಿಸುತ್ತಿದ್ದ. ಓಣಿ ಮೂರೇ ಅಡಿ ಅಗಲ. ಆದರೆ ಟೈಲರಕ್ಕನ ಹೊಲಿಗೆ ಕೋಣೆಗೆ ಇದ್ದ ದಾರಿ ಅದೊಂದೇ. ಅದು ಮುಚ್ಚಿಹೋದರೆ ಗಿರಾಕಿಗಳು ಬರುವುದು ಎಲ್ಲಿಂದ, ಮನೆಯ ಒಲೆ ಉರಿಯುವುದು ಹೇಗೆ?

ಇದೇ ಓಣಿಗಾಗಿ ಅವಳ ಮಾವ ಹನ್ನೊಂದು ವರ್ಷದ ಹಿಂದೆ ಕೋರ್ಟಿಗೆ ಹೋಗಿ ಗೆದ್ದಿದ್ದರು. ಓಣಿಯನ್ನು ಯಾರೂ ಮುಚ್ಚಬಾರದು ಎಂದು ತೀರ್ಪಾಗಿತ್ತು. ಮಾವ ಈಗಿಲ್ಲ. ತೀರ್ಪಿನ ಪ್ರತಿ ಟ್ರಂಕಿನಲ್ಲಿತ್ತು. ಮಂಗಳವಾರ ಬೆಳಿಗ್ಗೆ ಟೈಲರಕ್ಕ ಅದನ್ನು ಎದೆಗವಚಿಕೊಂಡು ಪುರಸಭೆಯ ಎಂಜಿನಿಯರ ಬಳಿ ಹೋದಳು.

ಎಂಜಿನಿಯರು ಹಾಳೆಯನ್ನು ಬೆಳಕಿಗೆ ಹಿಡಿದರು, ಉಗುರಿನಿಂದ ಕೆರೆದು ನೋಡಿದರು.

"ಏನಮ್ಮಾ ಇದು, ಪ್ಲಾಸ್ಟಿಕ್ಕು?"

"ನಮ್ಮನೆಯವರು ಲ್ಯಾಮಿನೇಶನ್ ಮಾಡಿದ್ದಾರೆ ಸಾರ್. ಹಾಳಾಗಬಾರದು ಅಂತ."

"ಮೊಹರು ಅಸಲೋ ನಕಲೋ ಮುಟ್ಟಿ ನೋಡಬೇಕಮ್ಮಾ. ಪ್ಲಾಸ್ಟಿಕ್ ಮುಟ್ಟಿ ನಾನೇನು ಹೇಳ್ಲಿ? ಕೋರ್ಟಿಂದ ದೃಢೀಕರಿಸಿದ ಹೊಸ ಪ್ರತಿ ತನ್ನಿ. ಸೋಮವಾರ ಸಂಜೆವರೆಗೆ ಗೋಡೆ ಕೆಲಸ ನಿಲ್ಲಿಸಿರ್ತೀನಿ. ಆಮೇಲೆ ನನ್ನ ಕೈಲಿಲ್ಲ."

ಟೈಲರಕ್ಕನ ಗಂಡ ಶಾಲೆಯೊಂದರ ಆಫೀಸಿನಲ್ಲಿ ಅಟೆಂಡರು. ಅಲ್ಲಿಗೆ ಲ್ಯಾಮಿನೇಶನ್ ಯಂತ್ರ ಬಂದ ದಿನದಿಂದ ಮನುಷ್ಯನ ಕೈ ಸುಮ್ಮನಿರಲಿಲ್ಲ. ಮಗಳ ಅಂಕಪಟ್ಟಿ ಆಯಿತು, ಕರೆಂಟು ಬಿಲ್ಲು ಆಯಿತು, ಕೊನೆಗೆ ಗ್ಯಾಸಿನವನ ಫೋನ್ ನಂಬರು ಬರೆದಿದ್ದ ಚೀಟಿಗೂ ಪ್ಲಾಸ್ಟಿಕ್ ಅಂಗಿ ತೊಡಿಸಿದ್ದ. ಅವನನ್ನು ಬೈದು ಬೈದು ಟೈಲರಕ್ಕನ ಬಾಯಿ ಒಣಗಿತು.

ಆಮೇಲೆ, ನಾನೇನು ಕಡಿಮೆ ಎನ್ನುವಂತೆ, ಇಸ್ತ್ರಿಪೆಟ್ಟಿಗೆ ತೆಗೆದಳು. ಕಾಲರು ಗಟ್ಟಿಯಾಗಲೆಂದು ಅಂಟಿಸಿದ ಕ್ಯಾನ್ವಾಸನ್ನು ಕಾಯಿಸಿ ಬಿಡಿಸುವುದು ಅವಳಿಗೆ ದಿನನಿತ್ಯದ ಕೆಲಸ. ಕ್ಯಾನ್ವಾಸು ಬಿಡುವುದಾದರೆ ಕಾಗದ ಬಿಡುವುದಿಲ್ಲವೇ? ರೇಷ್ಮೆಗೆ ಇಡುವಷ್ಟೇ ಕಾವು ಇಟ್ಟು, ಮೇಲೊಂದು ಹಳೆ ಬಟ್ಟೆ ಹೊದಿಸಿ, ಮೆಲ್ಲಗೆ ಒತ್ತಿ ಎಳೆದಳು. ಪ್ಲಾಸ್ಟಿಕ್ ಬಂತು. ಅದರ ಜೊತೆಗೇ ಮೊಹರೂ ಬಂತು, ಸಹಿಯೂ ಬಂತು. ಕಾಗದದಲ್ಲಿ ಸರಿಯಾಗಿ ಉಳಿದದ್ದು ಮೇಲ್ತುದಿಯ ಕೇಸಿನ ನಂಬರು ಮಾತ್ರ. ಗಂಡ ಬಗ್ಗಿ ನೋಡಿದ, ಅವಳ ಮುಖ ನೋಡಿದ, ಮೆಲ್ಲಗೆ ಹೊರಗೆ ನಡೆದ.

ಬುಧವಾರ ಅವಳು ಕೋರ್ಟಿಗೆ ಹೋದಳು. ಗೇಟಿನ ಪಕ್ಕದಲ್ಲಿ ದೊಡ್ಡ ಕೊಡೆಯ ಕೆಳಗೆ ಮೇಜು ಹಾಕಿಕೊಂಡು ಒಬ್ಬ ಕೂತಿರುತ್ತಾನೆ. ಅರ್ಜಿ ಬರೆದುಕೊಡುವವನು. ಎಲ್ಲರೂ ಅವನನ್ನು ಕೊಡೆಯಣ್ಣ ಎನ್ನುತ್ತಾರೆ. ಕಚೇರಿಯೊಳಗೆ ಯಾರನ್ನು ಕೇಳಬೇಕೆಂದು ತಿಳಿಯದವರು ಅವನ ಮೇಜಿಗೆ ಹೋಗುತ್ತಾರೆ. ಇವಳೂ ಹೋದಳು.

"ಹಳೇ ಕೇಸು," ಎಂದ ಕೊಡೆಯಣ್ಣ, ನಂಬರು ನೋಡಿ ನಾಲಿಗೆ ಲೊಚಗುಟ್ಟುತ್ತಾ. "ಪೂರ್ತಿ ಫೈಲಿನ ಪ್ರತಿ ತೆಗೀಬೇಕು. ಇನ್ನೂರು ಪುಟದ ಮೇಲಿರುತ್ತೆ. ಸರ್ಕಾರಿ ಶುಲ್ಕನೇ ಅಷ್ಟಾಗುತ್ತಕ್ಕಾ, ನನಗೇನೂ ಬೇಡ."

ಅವನು ಹೇಳಿದ ಮೊತ್ತ ಎಂಟು ಜೊತೆ ಶಾಲಾ ಸಮವಸ್ತ್ರ ಹೊಲಿದರೆ ಸಿಗುವಷ್ಟು ಕೂಲಿ. ಸರ್ಕಾರಿ ಶುಲ್ಕ ಎಂದಮೇಲೆ ಮರುಮಾತೇನು? ಅವಳು ಕೊಟ್ಟಳು. ಅವನು ಮೇಜಿನ ಡ್ರಾಯರಿಗೆ ಹಾಕಿಕೊಂಡು, "ನಾಳೆ ಬನ್ನಿ" ಎಂದ. ಗುರುವಾರ ಹೋದರೆ ಮತ್ತೆ "ನಾಳೆ ಬನ್ನಿ" ಎಂದ. ಅದೂ ತಲೆಯೆತ್ತದೆ.

ಗುರುವಾರ ಸಂಜೆ ವಾರಗಿತ್ತಿ ಮನೆಗೆ ಬಂದಳು. ಗಂಡನ ತಮ್ಮನ ಹೆಂಡತಿ. ಬಸ್ ಕಂಡಕ್ಟರು. ದಿನವಿಡೀ ಬಸ್ಸಿನಲ್ಲಿ ಕೂಗಿ ಕೂಗಿ ಅವಳ ದನಿ ಮನೆಯಲ್ಲೂ ಇಳಿಯುವುದಿಲ್ಲ. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಆದರೂ ಅವತ್ತು ಟೈಲರಕ್ಕನಿಗೆ ತಡೆಯಲಾಗದೆ ಎಲ್ಲವನ್ನೂ ಹೇಳಿಕೊಂಡಳು. ವಾರಗಿತ್ತಿ ಕೇಳಿದ್ದು ಒಂದೇ ಮಾತು.

"ಟಿಕೆಟ್ ಎಲ್ಲಿ?"

"ಯಾವ ಟಿಕೆಟ್ಟೇ?"

"ದುಡ್ಡು ಕೊಟ್ಟೆ ಅಂದ್ಯಲ್ಲ ಅಕ್ಕಾ. ಸರ್ಕಾರಕ್ಕೆ ಕೊಟ್ಟಿದ್ದಾದ್ರೆ ಸರ್ಕಾರದ ರಸೀದಿ ಬೇಕಲ್ಲ. ನಾನು ಟಿಕೆಟ್ ಕೊಡದೆ ದುಡ್ಡು ಬ್ಯಾಗಿಗೆ ಹಾಕ್ಕೊಂಡ್ರೆ ಚೆಕಿಂಗ್‌ನವರು ಅಲ್ಲೇ ಇಳಿಸಿ ಮನೆಗೆ ಕಳಿಸ್ತಾರೆ."

"ಅದು ಬಸ್ಸು. ಇದು ಕೋರ್ಟು."

"ಎರಡೂ ಸರ್ಕಾರದ್ದೇ ಅಲ್ವಾ?"

"ಅಯ್ಯೋ, ನಿನಗೆಲ್ಲಾ ಗೊತ್ತು ಬಿಡು," ಎಂದಳು ಟೈಲರಕ್ಕ. "ಕೊಡೆಯಣ್ಣನ್ನ ರಸೀದಿ ಗಿಸೀದಿ ಅಂತ ಕೇಳಿ ಅವನು ಸಿಟ್ಟಾದ್ರೆ ನನ್ನ ಕಾಗದ ಯಾರು ಕೊಡ್ತಾರೆ?"

ಗಂಡ ಮೂಲೆಯಿಂದ ತಲೆಯಾಡಿಸಿದ. "ಕೋರ್ಟು ಕಚೇರಿ ಅಂದ್ಮೇಲೆ ಹೀಗೇನೇ. ಸುಮ್ನೆ ಕೊಟ್ಟು ಬರಬೇಕು."

"ಭಾವಾ, ನೀವು ಮೊದಲು ಆ ಯಂತ್ರದಿಂದ ದೂರ ಇರಿ," ಎಂದಳು ವಾರಗಿತ್ತಿ. "ಅಕ್ಕಾ, ನಾಳೆ ನನಗೆ ವಾರದ ರಜೆ. ಬೆಳಿಗ್ಗೆ ಹತ್ತಕ್ಕೆ ರೆಡಿಯಾಗಿರು."

ಟೈಲರಕ್ಕನಿಗೆ ಇಷ್ಟವಿರಲಿಲ್ಲ. ಇವಳ ಮುಂದೆ ಪೆದ್ದಿಯಾಗಬೇಕಲ್ಲ. ಆದರೆ ಸೋಮವಾರ ದೂರವಿರಲಿಲ್ಲ, ಇಟ್ಟಿಗೆಯ ರಾಶಿ ಓಣಿಯಲ್ಲೇ ಇತ್ತು.

ಶುಕ್ರವಾರ ಇಬ್ಬರೂ ಕೊಡೆಯ ಕಡೆ ತಿರುಗಿಯೂ ನೋಡದೆ ನೇರ ಒಳಗೆ ಹೋದರು. ಪ್ರತಿ ಕೊಡುವ ಕೋಣೆ ಉದ್ದನೆಯ ಪಡಸಾಲೆಯ ಕೊನೆಯಲ್ಲಿತ್ತು. ಒಳಗೆ ಕಪಾಟುಗಳು, ಕಟ್ಟು ಕಟ್ಟು ಫೈಲುಗಳು, ಕಿಟಕಿಯ ಕೌಂಟರಿನಲ್ಲಿ ಕನ್ನಡಕದ ಗುಮಾಸ್ತ.

"ಶುಲ್ಕದ ಬೋರ್ಡು ಎಲ್ಲಿದೆ ಸಾರ್?" ಎಂದಳು ವಾರಗಿತ್ತಿ, ಕೊನೆಯ ಸೀಟಿನವರಿಗೂ ಕೇಳುವ ದನಿಯಲ್ಲಿ.

ಗುಮಾಸ್ತ ಬೆರಳು ತೋರಿಸಿದ. ಅವನು ತೋರಿಸಿದ ಕಡೆ ಇದ್ದದ್ದು ಗೋಡೆಗೆ ಒತ್ತಿ ತೆರೆದಿಟ್ಟ ದೊಡ್ಡ ಬಾಗಿಲು. ವಾರಗಿತ್ತಿ ಹೋಗಿ ಬಾಗಿಲನ್ನು ಎಳೆದು ಮುಚ್ಚಿದಳು. ಅದರ ಹಿಂದೆ ಗೋಡೆಯ ಮೇಲೆ, ಜೇಡರಬಲೆ ಹೊದ್ದುಕೊಂಡು, ಬೋರ್ಡು ಇತ್ತು.

"ಬಾಗಿಲು ಯಾಕಮ್ಮಾ ಹಾಕಿದ್ರಿ?"

"ಬೋರ್ಡು ಓದೋಕೆ ಸಾರ್."

ಟೈಲರಕ್ಕ ಹತ್ತಿರ ಹೋಗಿ ಸೆರಗಿನಿಂದ ಧೂಳು ಒರೆಸಿ ಓದಿದಳು. ಫೈಲನ್ನು ಇಲ್ಲೇ ಕೂತು ನೋಡಲು ಒಂದು ಶುಲ್ಕ. ಪ್ರತಿಗೆ ಪುಟದ ಲೆಕ್ಕ. ಬೇಗ ಬೇಕಿದ್ದರೆ ಸ್ವಲ್ಪ ಹೆಚ್ಚು. ಬಡವರಿಗೆ ವಿನಾಯಿತಿಯ ಅರ್ಜಿ. ಎಲ್ಲಕ್ಕೂ ರಸೀದಿ ಪಡೆಯಿರಿ ಎಂದು ಕೊನೆಯಲ್ಲಿ ಕೆಂಪಕ್ಷರ. ಇನ್ನೊಮ್ಮೆ ಓದಿದಳು. ಕೊಡೆಯಣ್ಣ ಹೇಳಿದ ಮೊತ್ತ ಅಲ್ಲಿ ಎಲ್ಲೂ ಇರಲಿಲ್ಲ.

"ಗೋಡೆ ಕಟ್ಟೋದು ನಿಲ್ಲಿಸೋಕೆ ಏನೇನು ಬೇಕು ಸಾರ್?" ಎಂದು ಕೇಳಿದಳು. "ಪೂರ್ತಿ ಫೈಲು ಬೇಕಂತೆ, ಹೌದಾ?"

"ಯಾರು ಹೇಳಿದ್ದು? ತೀರ್ಪು ಮಾತ್ರ ಸಾಕು." ಗುಮಾಸ್ತ ನಂಬರು ನೋಡಿ ಫೈಲು ತರಿಸಿದ. ನೋಡುವ ಶುಲ್ಕಕ್ಕೆ ರಸೀದಿ ಹರಿದುಕೊಟ್ಟು, ಮೇಜಿನ ಮೇಲೆ ಬಿಚ್ಚಿದ. ತೀರ್ಪು ಮೂರೇ ಪುಟ. ಮಾವನ ಹೆಬ್ಬೆಟ್ಟಿನಷ್ಟೇ ದಪ್ಪನೆಯ ಅಕ್ಷರದ ಸಹಿ ಮೊದಲ ಅರ್ಜಿಯಲ್ಲಿತ್ತು. ಟೈಲರಕ್ಕ ಅದನ್ನು ಬೆರಳಿನಿಂದ ಸವರಿದಳು.

"ಬುಧವಾರ ಕೊಡೆಯಣ್ಣ ನನ್ನ ಹೆಸರಲ್ಲಿ ಅರ್ಜಿ ಹಾಕಿದ್ದಾನಾ ನೋಡಿ ಸಾರ್."

ಗುಮಾಸ್ತ ರಿಜಿಸ್ಟರು ತಿರುವಿದ. ಬುಧವಾರ ಇಲ್ಲ, ಗುರುವಾರವೂ ಇಲ್ಲ.

ಟೈಲರಕ್ಕನಿಗೆ ಮೈಯೆಲ್ಲ ಉರಿಯಿತು. ಕೊಡೆಯಣ್ಣನ ಮೇಲೆ ಮಾತ್ರವಲ್ಲ. "ಸಾರ್, ನಾವು ಶುಲ್ಕ ಕೊಡಲ್ಲ ಅಂದಿದ್ವಾ? ಕೊಡ್ತೀವಿ. ಎಷ್ಟು ಅನ್ನೋದನ್ನ ಬಾಗಿಲ ಹಿಂದೆ ಬಚ್ಚಿಟ್ಟು ಕೂತರೆ ಹೊರಗಿನವನು ಬಾಯಿಗೆ ಬಂದಷ್ಟು ಹೇಳ್ದೇ ಇರ್ತಾನಾ? ದಿನಾ ನೋಡ್ತಾ ಇದ್ದೀರಿ. ಒಂದು ಮಾತು ಹೇಳಬಹುದಿತ್ತಲ್ಲ?"

ಗುಮಾಸ್ತ ಕನ್ನಡಕ ತೆಗೆದು ಒರೆಸಿದ. "ಯಾರೂ ಕೇಳಲ್ಲಮ್ಮಾ. ಬೋರ್ಡು ತೆಗೆದು ಈಚೆ ಹಾಕೋಣ ಅಂದ್ರೆ ಅದಕ್ಕೂ ಮೇಲಿಂದ ಆದೇಶ ಬರಬೇಕು. ಎರಡು ವರ್ಷದ ಹಿಂದೆ ಬರೆದಿದ್ದೀನಿ."

"ಬಾಗಿಲು ಮುಚ್ಚೋಕೂ ಆದೇಶ ಬೇಕಾ?" ಎಂದಳು ವಾರಗಿತ್ತಿ. ಗುಮಾಸ್ತ ರಸೀದಿ ಪುಸ್ತಕ ಹತ್ತಿರ ಎಳೆದುಕೊಂಡ.

ಮೂರು ಪುಟಕ್ಕೆ, ಬೇಗ ಬೇಕೆಂಬ ಹೆಚ್ಚಿನ ಶುಲ್ಕವೂ ಸೇರಿ, ಆದದ್ದು ಎರಡು ಪ್ಯಾಂಟಿನ ಅಂಚು ಮಡಚಿ ಹೊಲಿದಷ್ಟು ಕೂಲಿ. ಟೈಲರಕ್ಕ ರಸೀದಿಯನ್ನು ಕೇಳಿಯೇ ಪಡೆದಳು. ಯಾರೂ ಸಿಟ್ಟಾಗಲಿಲ್ಲ.

ಸೋಮವಾರ ಹನ್ನೊಂದಕ್ಕೆ ಪ್ರತಿ ಕೈಗೆ ಬಂತು. ಮಧ್ಯಾಹ್ನ ಎಂಜಿನಿಯರು ಮೊಹರಿನ ಮೇಲೆ ಬೆರಳಾಡಿಸಿ, ಮೂರೂ ಪುಟ ಓದಿ, ಜೀಪು ಹತ್ತಿದರು. ಸಂಜೆಯ ಹೊತ್ತಿಗೆ ಸಿಮೆಂಟು ಅಂಗಡಿಯವನು ಮುಖ ಗಂಟಿಕ್ಕಿಕೊಂಡು ತಾನೇ ಕಟ್ಟಿಸಿದ ಇಟ್ಟಿಗೆಗಳನ್ನು ತಾನೇ ಕೀಳಿಸುತ್ತಿದ್ದ. ಓಣಿಯಲ್ಲಿ ಮೊದಲು ಬಂದವಳು ಮಗಳ ಸಮವಸ್ತ್ರ ಕೇಳಲು ಬಂದ ಗಿರಾಕಿ.

ರಾತ್ರಿ ವಾರಗಿತ್ತಿಯೂ ಡ್ಯೂಟಿ ಮುಗಿಸಿ ಬಂದಿದ್ದಳು. ಗಂಡ ಪ್ರತಿಯನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ನೋಡಿದ. "ಇದನ್ನ..." ಎಂದು ಶುರುಮಾಡಿದ.

"ಮುಟ್ಟಿದ್ರೆ ನೋಡಿ," ಎಂದು ಇಬ್ಬರೂ ಒಟ್ಟಿಗೇ ಹೇಳಿದರು. ಮದುವೆಯಾಗಿ ಬಂದಮೇಲೆ ವಾರಗಿತ್ತಿಯರಿಬ್ಬರೂ ಒಂದೇ ಮಾತು ಆಡಿದ್ದು ಅದೇ ಮೊದಲು. ಟೈಲರಕ್ಕ ಉಳಿದ ಬಟ್ಟೆಯಲ್ಲಿ ಒಂದು ಚೀಲ ಹೊಲಿದು, ಪ್ರತಿಯನ್ನೂ ರಸೀದಿಯನ್ನೂ ಮಡಚದೆ ಅದರಲ್ಲಿಟ್ಟಳು.

"ಇನ್ಮೇಲೆ ನಾನೂ ರಸೀದಿ ಕೇಳ್ತೀನಿ," ಎಂದ ಗಂಡ, ಮೆಲ್ಲಗೆ.

ಕೊಡೆಯಣ್ಣನಿಗೆ ಕೊಟ್ಟ ದುಡ್ಡು ಮಾತ್ರ ಇವತ್ತಿಗೂ ಬಂದಿಲ್ಲ. ಕೇಳಲು ಹೋದಾಗ, "ಯಾವ ದುಡ್ಡಕ್ಕಾ? ಕೊಟ್ಟಿದ್ದಕ್ಕೆ ಏನಾದ್ರೂ ಇದೆಯಾ?" ಎಂದ. ಅವಳ ಬಳಿ ಏನೂ ಇರಲಿಲ್ಲ. ಎಂಟು ಜೊತೆ ಬಟ್ಟೆ ಹೊಲಿದ ದಿನಗಳು ಹಾಗೇ ನೀರಿನಲ್ಲಿ ಹೋಮವಾದವು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಕೋರ್ಟಿನ ಕಾಗದ, ಸರ್ಕಾರಿ ದಾಖಲೆ ಯಾರದೋ ಮನೆಯ ಗುಟ್ಟಲ್ಲ. ಕೇಳಲು ಹೆದರಬೇಡಿ. ಶುಲ್ಕ ಊರಿಂದೂರಿಗೆ, ಕಚೇರಿಯಿಂದ ಕಚೇರಿಗೆ ಬೇರೆಯಿರಬಹುದು. ಹಾಗಾಗಿ ಮೊದಲು ಪಟ್ಟಿ ಕೇಳಿ. ಯಾವ ಪುಟ ಬೇಕೋ ಅಷ್ಟನ್ನೇ ಕೇಳಿ. ಕಟ್ಟಲು ಕೈಲಾಗದಿದ್ದರೆ ವಿನಾಯಿತಿ ಇದೆಯೇ ವಿಚಾರಿಸಿ. ರಸೀದಿ ಕೊಡದವರ ಕೈಗೆ ದುಡ್ಡು ಇಡಬೇಡಿ. ಬಂದ ಪ್ರತಿಗೆ ದಯವಿಟ್ಟು ಪ್ಲಾಸ್ಟಿಕ್ ಹಾಕಬೇಡಿ.

ಬೋರ್ಡು ಕಾಣಲಿಲ್ಲವೇ? ಇಲ್ಲ ಎಂದುಕೊಂಡು ವಾಪಸು ಬರಬೇಡಿ. ಆ ಕೋಣೆಯ ಬಾಗಿಲನ್ನು ಒಮ್ಮೆ ಮುಚ್ಚಿ ನೋಡಿ.