ಓರಗಿತ್ತಿಯ ಸೂಜಿ ಡಬ್ಬಿ

ನನ್ನ ಓರಗಿತ್ತಿಯ ಕತ್ತುನೋವು ವಾಸಿಯಾದ ದಿನದಿಂದ ನನ್ನ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ನಾನು ಬಟ್ಟೆ ಹೊಲಿಯುವವಳು. ಮೂರು ತಿಂಗಳಿಂದ ಬಲಭುಜ ಹಿಡಿದುಕೊಂಡು, ಕತ್ತರಿ ಎತ್ತಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಅವಳು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಮಾರ್ಕೆಟ್ ಹಿಂದಿನ ಓಣಿಯಲ್ಲಿ ಸೂಜಿ ಚುಚ್ಚಿ ನೋವು ತೆಗೆಯುವವನ ಹತ್ತಿರ ಆರು ಸಲ ಹೋಗಿ ಬಂದಳು. ಆಮೇಲೆ ಅವಳ ಠೀವಿ ನೋಡಬೇಕಿತ್ತು! ಯಾರೂ ಕರೆಯದಿದ್ದರೂ ಕತ್ತು ತಿರುಗಿಸಿ ನೋಡುವಳು.

"ಚಿಕ್ಕವಳು ಹೇಗೆ ಹುಷಾರಾದ್ಲು ನೋಡು. ನೀನೂ ಅಲ್ಲಿಗೇ ಹೋಗಬಾರದಾ?" ಎಂದರು ಅತ್ತೆ.

ಅವಳು ಹೋದ ಕಡೆ ನಾನು ಹೋಗುವುದೇ? ಹಟಕ್ಕೆ ಬಿದ್ದು ಬಸ್‌ಸ್ಟ್ಯಾಂಡ್ ಎದುರಿನ ಆಕ್ಯುಪಂಕ್ಚರ್ ಡಾಕ್ಟರಮ್ಮನ ಹತ್ತಿರ ಹೋದೆ. ಅವರು ಸೋಪು ಹಾಕಿ ಕೈ ತೊಳೆದು, ನನ್ನ ಕಣ್ಣೆದುರಿಗೇ ಪೊಟ್ಟಣ ಹರಿದು ಹೊಸ ಸೂಜಿ ತೆಗೆದರು. ಕೆಲಸ ಮುಗಿದ ಮೇಲೆ ಅಷ್ಟನ್ನೂ ಗಟ್ಟಿ ಪ್ಲಾಸ್ಟಿಕ್ ಡಬ್ಬಕ್ಕೆ ಎಸೆದರು. ಎರಡು ಸಲ ಹೋದರೂ ಭುಜ ಅಷ್ಟಕ್ಕಷ್ಟೇ.

ಓಣಿಯವನ ಪದ್ಧತಿ ಬೇರೆ. ಪ್ರತಿಯೊಬ್ಬರಿಗೂ ಅವರವರ ಸೂಜಿಗಳನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಕೊಡುತ್ತಿದ್ದ. ಪ್ರತಿ ಸಲ ಅದನ್ನೇ ತರಬೇಕು. ಅವಳ ಡಬ್ಬಿ ಕನ್ನಡಿಯ ಪಕ್ಕದಲ್ಲಿ ಮೆರೆಯುತ್ತಿತ್ತು. "ನನಗೆ ಈ ಸೂಜಿನೇ ಆಗಿಬಂತು ಅಕ್ಕ" ಎಂದು ದಿನಕ್ಕೆ ಹತ್ತು ಸಲ ಅನ್ನುವಳು. ಗುಣವೆಲ್ಲ ಆ ಸೂಜಿಯಲ್ಲೇ ಇದೆ ಎಂದು ನನಗೂ ಅನಿಸಿಬಿಟ್ಟಿತು. ಒಂದು ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಡಬ್ಬಿಯನ್ನು ನನ್ನ ಚೀಲಕ್ಕೆ ಸೇರಿಸಿದೆ.

"ಡಾಕ್ಟರಮ್ಮಾ, ಇವತ್ತು ಈ ಸೂಜಿ ಹಾಕಿ."

"ಯಾರದಮ್ಮಾ ಇದು?"

"ನಂದೇ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನ ಕೈ ಹೆಗಲಿನವರೆಗೆ ಏಳುತ್ತಿರಲಿಲ್ಲ, ಮುಖವೇ ಹೇಳಿಬಿಟ್ಟಿತು. ಅವರು ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಂದು ಸೂಜಿಯ ತುದಿ ಬಾಗಿತ್ತು, ಇನ್ನೊಂದಕ್ಕೆ ತುಕ್ಕು ಹಿಡಿದಿತ್ತು. ಇದ್ದದ್ದನ್ನೆಲ್ಲ ಒಪ್ಪಿಕೊಂಡೆ.

"ಸ್ಪಿರಿಟ್‌ನಲ್ಲಿ ಒರೆಸಿಡ್ತಾಳೆ ಡಾಕ್ಟರಮ್ಮಾ" ಎಂದೆ.

"ಒರೆಸಿದ್ರೆ ಸಾಲದಮ್ಮಾ. ಕಣ್ಣಿಗೆ ಕಾಣದಷ್ಟು ರಕ್ತ ಅಂಟಿದ್ರೂ ಸಾಕು, ಲಿವರ್ ಕೆಡಿಸೋ ಹೆಪಟೈಟಿಸ್ ಒಬ್ಬರಿಂದ ಇನ್ನೊಬ್ಬರಿಗೆ ದಾಟಬಹುದು. ಕೀಟಾಣು ಚರ್ಮದ ಒಳಗೆ ಹೋದ್ರೆ ಕೀವು ಕಟ್ಟುತ್ತೆ."

"ಅವಳ ಸೂಜಿ ಅವಳಿಗೇ ತಾನೇ ಚುಚ್ಚೋದು?"

"ಅವನು ಡಬ್ಬಿಗೆ ಹಾಕಿದಾಗ ಅದು ಹೊಸದಾಗಿತ್ತು ಅಂತ ಯಾರು ನೋಡಿದ್ರು? ಹೊಸದೇ ಇರಲಿ, ಒಂದು ಸಲ ಚುಚ್ಚಿದ ಸೂಜಿ ಮತ್ತೆ ಚುಚ್ಚಬಾರದು. ಅವರಿಗೆ ಜ್ವರ ಇದೆಯಾ? ಚುಚ್ಚಿದ ಜಾಗ ಊದಿದೆಯಾ?"

"ಅಯ್ಯೋ, ಅವಳು ಕುಣೀತಾ ಇದಾಳೆ" ಎಂದೆ. ಆಗ ಹೊಳೆಯಿತು. ಒಂದು ವಾರದಿಂದ ಅವಳು ಕುತ್ತಿಗೆಗೆ ನೀಲಿ ಸ್ಕಾರ್ಫ್ ಸುತ್ತಿಕೊಂಡೇ ಇದ್ದಳು. ಶೋಕಿ ಎಂದುಕೊಂಡು ನಾನು ಅದಕ್ಕೂ ಹೊಟ್ಟೆ ಉರಿಸಿಕೊಂಡಿದ್ದೆ.

ಮನೆಗೆ ಬಂದರೆ ಅವಳು ಬಾಗಿಲಲ್ಲೇ ನಿಂತಿದ್ದಳು. "ಡಬ್ಬಿ ಕದ್ದಿದ್ದು ನೀನೇ ತಾನೇ? ನಾನು ಹುಷಾರಾಗಿರೋದು ನಿನಗೆ ಸಹಿಸೋಕಾಗಲ್ಲ!"

"ಹೌದು, ಸಹಿಸೋಕಾಗಲ್ಲ. ಸ್ಕಾರ್ಫ್ ಬಿಚ್ಚು."

ಬಿಚ್ಚಲಿಲ್ಲ. ಎಡಗೈಯಿಂದ ನಾನೇ ಎಳೆದೆ. ಕತ್ತಿನ ಹಿಂದೆ ನಿಂಬೆಹಣ್ಣಿನ ಗಾತ್ರಕ್ಕೆ ಕೆಂಪಗೆ ಊದಿತ್ತು. ಮುಟ್ಟಿದರೆ ಕಾವು.

"ಯಾಕೇ ಹೇಳಲಿಲ್ಲ?"

ಅವಳು ಅಳತೊಡಗಿದಳು. "ಈ ಮನೇಲಿ ಯಾವಾಗಲೂ ನಿನ್ನ ಹೊಲಿಗೆನೇ ಹೊಗಳ್ತಾರೆ. ಮೊದಲನೇ ಸಲ ಅತ್ತೆ ನನ್ನನ್ನ ತೋರಿಸಿ ನಿನಗೆ ಬುದ್ಧಿ ಹೇಳಿದ್ರು. ಅದನ್ನ ಕಳ್ಕೊಳ್ಳೋಕೆ ಮನಸ್ಸು ಬರಲಿಲ್ಲ ಅಕ್ಕ."

ನನಗೆ ನಾಚಿಕೆಯಾಯಿತು. ಉರಿಯುತ್ತಿದ್ದದ್ದು ನನ್ನೊಬ್ಬಳ ಹೊಟ್ಟೆಯಲ್ಲ.

"ಬಿಸಿನೀರಿನ ಶಾಖ ಕೊಟ್ರೆ ಇಳಿಯುತ್ತೆ. ಇಷ್ಟಕ್ಕೆಲ್ಲ ಆಸ್ಪತ್ರೆ ಯಾಕೆ?" ಎಂದು ಅತ್ತೆ ರಾಗ ತೆಗೆದರು. ಅವರ ಕೈ ಹಿಡಿದು ಅವಳ ಹಣೆಯ ಮೇಲಿಟ್ಟೆ. ಸುಡುತ್ತಿತ್ತು. ಅತ್ತೆಯೇ ಮೊದಲು ಚಪ್ಪಲಿ ಮೆಟ್ಟಿದರು.

ಆಸ್ಪತ್ರೆಯಲ್ಲಿ ಕುಯ್ದು ಕೀವು ತೆಗೆದರು. ಇನ್ನೂ ತಡವಾಗಿದ್ದರೆ ನಂಜು ರಕ್ತಕ್ಕೇ ಸೇರಬಹುದಿತ್ತು ಎಂದರು. ರಕ್ತ ಪರೀಕ್ಷೆಯಲ್ಲಿ ಸದ್ಯಕ್ಕೆ ಏನೂ ಇಲ್ಲ. ಕೆಲವು ಸೋಂಕುಗಳು ಕಾಣಿಸಿಕೊಳ್ಳಲು ತಿಂಗಳುಗಳೇ ಬೇಕಂತೆ, ಹಾಗಾಗಿ ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕು. ಆ ದಿನಕ್ಕೆ ಮನೆಮಂದಿಯೆಲ್ಲ ಜೀವ ಬಿಗಿಹಿಡಿದು ಕಾಯುತ್ತಿದ್ದೇವೆ. ನನ್ನ ಚೀಲದಲ್ಲೇ ಇದ್ದ ಡಬ್ಬಿಯನ್ನು ಆಸ್ಪತ್ರೆಯವರೇ ತೆಗೆದುಕೊಂಡರು. "ನಿನಗೆ ಮಾತ್ರ ಪ್ರತಿ ಸಲ ಹೊಸ ಸೂಜಿ" ಎಂದು ಅವಳು ಈಗ ನನ್ನ ಮೇಲೆ ಕರುಬುತ್ತಾಳೆ.

ಓದುತ್ತಿರುವ ಅಕ್ಕ, ಅಣ್ಣ, ಸೂಜಿ ಚಿಕಿತ್ಸೆಗೆ ಹೋಗುವುದಾದರೆ ಕಲಿತು, ನೋಂದಣಿ ಮಾಡಿಸಿಕೊಂಡವರ ಹತ್ತಿರವೇ ಹೋಗಿ. ಅವರು ಕೈ ತೊಳೆಯುವುದನ್ನು ನೋಡಿ. ಸೂಜಿಯ ಪೊಟ್ಟಣವನ್ನು ನಿಮ್ಮೆದುರಿಗೇ ಹರಿಯಲಿ, "ಹೊಸದಾ?" ಎಂದು ಬಾಯಿಬಿಟ್ಟು ಕೇಳಿ, ಸಂಕೋಚ ಬೇಡ. ಚುಚ್ಚಿದ ಜಾಗ ಕೆಂಪಾಗಿ ಊದಿಕೊಂಡರೆ, ಜ್ವರ ಬಂದರೆ, ಮುಚ್ಚಿಡದೆ ಅವತ್ತೇ ಆಸ್ಪತ್ರೆಗೆ ಹೋಗಿ. ಹೊಟ್ಟೆಕಿಚ್ಚು ಪಡುವುದಿದ್ದರೆ ಪಡಿ, ಅದಕ್ಕೆ ನನ್ನ ಹತ್ತಿರವೂ ಮದ್ದಿಲ್ಲ. ಆದರೆ ಇನ್ನೊಬ್ಬರ ಮೈಗೆ ಚುಚ್ಚಿದ ಸೂಜಿಗೆ ಮಾತ್ರ ಆಸೆಪಡಬೇಡಿ.