ಭಾವನ ಸ್ಟೇಷನ್

ಅಕ್ಕನ ಮನೆಯ ಹಳೆಯ ರೇಡಿಯೋದಲ್ಲಿ ಸ್ಟೇಷನ್ ಮುಳ್ಳು ಎಳೆಯುವ ದಾರ ಹರಿದದ್ದು ಭಾವ ಆಸ್ಪತ್ರೆಗೆ ಸೇರುವ ಹಿಂದಿನ ದಿನ. ಗುಂಡಿ ತಿರುಗಿಸಿದರೆ ಸುಮ್ಮನೆ ಸುತ್ತುತ್ತಿತ್ತು, ಮುಳ್ಳು ಕದಲುತ್ತಿರಲಿಲ್ಲ. "ಬಂದಮೇಲೆ ನೋಡೋಣ," ಅಂದಿದ್ದರು ಭಾವ. ಬರಲಿಲ್ಲ.

ಎಷ್ಟೋ ತಿಂಗಳಾದ ಮೇಲೆ ಅಕ್ಕ ತಮ್ಮನಿಗೆ ಹೇಳಿಕಳಿಸಿದಳು. ಅವನು ಕೈಗಡಿಯಾರ ರಿಪೇರಿ ಮಾಡುವವನು. ಸಣ್ಣ ಸ್ಕ್ರೂ, ಸಣ್ಣ ಸ್ಪ್ರಿಂಗು ಅಂದರೆ ಅವನಿಗೆ ನೀರು ಕುಡಿದಷ್ಟು ಸುಲಭ.

"ಇದೊಂದು ಸರಿಮಾಡಿಕೊಡೋ."

"ಇದೇನು ಮಹಾ. ನೀನು ಟೀ ಇಡು, ಅಷ್ಟರಲ್ಲಿ ಹಾಡಿಸ್ತೀನಿ."

ಅಕ್ಕ ಒಳಗೆ ಹೋದಳು. ತಮ್ಮ ಹಿಂದಿನ ಹಲಗೆ ಬಿಚ್ಚಿದ. ಹರಿದ ದಾರ ಜೇಡರ ಬಲೆಯಲ್ಲಿ ಸಿಕ್ಕಿಕೊಂಡಿತ್ತು. ಸ್ಟೇಷನ್ ಹಿಡಿಯುವ ದೊಡ್ಡ ಚಕ್ರವನ್ನು ಪೂರ್ತಿ ಒಂದು ತುದಿಗೆ ತಿರುಗಿಸಿದ. ಹೊಸ ದಾರ ಸುತ್ತಲು ಅಲ್ಲಿಂದಲೇ ಶುರುಮಾಡಬೇಕು. ಗಾಳದ ದಾರ ತಂದಿದ್ದ. ಬಿಗಿಮಾಡುವಾಗ ಸ್ಪ್ರಿಂಗು ಚಿಮ್ಮಿ ಬೀರುವಿನ ಕೆಳಗೆ ಹೋಯಿತು. ಅಕ್ಕ ನೋಡಿ ನಕ್ಕಾಳೆಂದು ಬೇಗಬೇಗ ಅಂಬೆಗಾಲಿಟ್ಟು ಹುಡುಕಿ ತಂದ. ಎರಡನೇ ಸಲ ದಾರ ಕೂತಿತು. ಗುಂಡಿ ತಿರುಗಿಸಿದರೆ ಮುಳ್ಳು ನುಣ್ಣಗೆ ಸರಿಯಿತು, ಯಾವುದೋ ಹಾಡು ಬಂತು.

"ಬಾರಕ್ಕಾ, ನೋಡು."

ಅಕ್ಕ ಲೋಟ ಹಿಡಿದು ಬಂದಳು. "ಅವರು ಕೇಳ್ತಿದ್ದ ಸ್ಟೇಷನ್ ಹಾಕು."

"ಯಾವುದದು?"

"ನಂಗೇನು ಗೊತ್ತು? ಬೆಳಿಗ್ಗೆ ಎದ್ದು ಕಿವಿ ಹಚ್ಚಿಕೊಂಡು ಕೂರೋರು. ನಮಗ್ಯಾರಿಗೂ ಬಾರದ ಭಾಷೆ. ಒಬ್ಬಳು ಮಾತಾಡೋಳು, ಆಮೇಲೆ ಹಾಡು. ಆ ಗೊರಗೊರ ನಿಲ್ಲಿಸ್ರೀ ಅಂತ ನಾನು ಅಡುಗೆಮನೆಯಿಂದಲೇ ಕೂಗ್ತಿದ್ದೆ. ಅವರು ಬಿಟ್ಟಲ್ಲೇ ಇರುತ್ತೆ, ದಾರ ಹಾಕಿದ್ರೆ ಅದೇ ಬರುತ್ತೆ ಅಂದ್ಕೊಂಡಿದ್ದೆ. ಸುಟ್ಟುಹೋದ್ರೆ ಅಂತ ಪ್ಲಗ್ಗೂ ಮುಟ್ಟಿರಲಿಲ್ಲ."

ತಮ್ಮನ ಮುಖ ಸಣ್ಣದಾಯಿತು. ದಾರ ಹರಿದರೂ ಆ ದೊಡ್ಡ ಚಕ್ರ ಭಾವ ಬಿಟ್ಟ ಜಾಗದಲ್ಲೇ ಇತ್ತು. ತಿರುಗಿಸುವ ಮೊದಲು ಅದರ ಮೇಲೆ ಪೆನ್ಸಿಲ್ಲಿನಲ್ಲಿ ಒಂದು ಗೆರೆ ಎಳೆದಿದ್ದರೆ ಸಾಕಿತ್ತು. ಗಡಿಯಾರ ಬಿಚ್ಚುವಾಗ ಗುರುತು ಹಾಕದೆ ಕೈ ಹಚ್ಚುವವನಲ್ಲ ಅವನು. ಯಾವುದೋ ಅರ್ಥವಾಗದ ಸ್ಟೇಷನ್ ಹಿಡಿದು, ಇದೇ ಅಂದುಬಿಡಲೇ ಅನ್ನಿಸಿತು. ಬಾಯಿ ಬರಲಿಲ್ಲ.

"ಅಕ್ಕಾ, ಭಾವ ಬಿಟ್ಟ ಜಾಗದಿಂದ ನಾನು ತಿರುಗಿಸಿಬಿಟ್ಟೆ. ಇನ್ನು ಗೊತ್ತಾಗಲ್ಲ."

ಅಕ್ಕ ಲೋಟವನ್ನು ಮೇಜಿನ ಮೇಲಿಟ್ಟು ಕುಳಿತಳು.

"ನಿಂದೇನು ತಪ್ಪು ಬಿಡು. ಪಕ್ಕದಲ್ಲೇ ಇದ್ದಾಗ, ಏನ್ರೀ ಅದು ಅಂತ ನಾನೇ ಒಂದ್ಸಲ ಕೇಳಲಿಲ್ಲ."

ಆಮೇಲೆ ತಮ್ಮ ಅಂಗಡಿ ತೆಗೆಯುವ ಮೊದಲು ದಿನಾ ಬರತೊಡಗಿದ. ಇಬ್ಬರೂ ಕೂತು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಗುಂಡಿ ಸರಿಸುವರು. ಗೊತ್ತಿಲ್ಲದ ಭಾಷೆಗಳು ಬರುತ್ತಿದ್ದವು, ಹೋಗುತ್ತಿದ್ದವು.

"ಇದಾ?"

"ಇರಬಹುದು."

"ನಿನ್ನೆಯದೂ ಇರಬಹುದು ಅಂದಿದ್ದೆ."

"ಅದೂ ಇರಬಹುದು."

ಒಂದು ದಿನ ಅವನು ಬಂದಾಗ ಅಕ್ಕ ತರಕಾರಿ ಹೆಚ್ಚುತ್ತಿದ್ದಳು. ರೇಡಿಯೋದಲ್ಲಿ ಹವಾಮಾನ ವರದಿ, ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲಿ.

"ಇವತ್ತು ಹುಡುಕೋದಿಲ್ವಾ?"

"ಸಾಕು ಬಿಡೋ. ಎಲ್ಲಾ ಸ್ಟೇಷನ್ನೂ ಅವರದ್ದೇ ಅನ್ಸೋಕೆ ಶುರುವಾಗಿದೆ. ಹಾಗಾದ್ರೆ ಯಾವುದೂ ಅವರದ್ದಲ್ಲ."

ತಮ್ಮ ಪಕ್ಕದಲ್ಲಿ ಕೂತು ಬೀನ್ಸಿನ ನಾರು ತೆಗೆಯತೊಡಗಿದ.