ಸಿಮ್ ತೆಗೆದ ಫೋನು

ಹೋಟೆಲಿನ ವೈಫೈ ಹತ್ತಿದ್ದೇ ತಡ, ಟೈಲರಕ್ಕನ ಅಂಗೈಯಲ್ಲಿದ್ದ ಫೋನು ಚಳಿಜ್ವರ ಬಂದವರ ಹಾಗೆ ನಡುಗತೊಡಗಿತು. ಅದು ಸುಮ್ಮನಾದ ಮೇಲೆ ಅವಳ ಕಣ್ಣಿಗೆ ಮೊದಲು ಬಿದ್ದದ್ದು ಹಳೆಯ ಗಿರಾಕಿಯೊಬ್ಬಳ ಸಂದೇಶ: 'ಟೈಲರಕ್ಕ, ನಿಮ್ಮ ಆತ್ಮಕ್ಕೆ ಶಾಂತಿ ಸಿಗಲಿ. ನಿಮ್ಮಂಥ ಕೈ ಇನ್ನು ಹುಟ್ಟಲ್ಲ.'

"ರೀ, ಇಲ್ನೋಡಿ. ನಾನು ಸತ್ತೋಗಿದೀನಂತೆ."

ಸೋಫಾದಲ್ಲಿ ಕೂತು ಹಿಮ್ಮಡಿ ತಿಕ್ಕಿಕೊಳ್ಳುತ್ತಿದ್ದ ಗಂಡ ತಲೆಯೆತ್ತಲಿಲ್ಲ. "ಯಾರಿಗೋ ಕಳಿಸಿದ್ದು ನಿನಗೆ ಬಂದಿರುತ್ತೆ, ಬಿಡು."

ಫೋನಿನ ವಿಷಯದಲ್ಲಿ ಅವನ ಮಾತೇ ವೇದವಾಕ್ಯ. ಬಸ್ ಡ್ರೈವರಾಗಿ ನಿವೃತ್ತನಾಗಿದ್ದ ಅವನು, ಹೊರದೇಶಕ್ಕೆ ಹೋಗಿಬಂದ ಪಕ್ಕದ ಮನೆಯವರು ರೋಮಿಂಗ್ ಬಿಲ್ ನೋಡಿ ಹಾಸಿಗೆ ಹಿಡಿದದ್ದನ್ನು ಕಣ್ಣಾರೆ ಕಂಡಿದ್ದ. ವಿಮಾನ ಹತ್ತುವ ಮೊದಲೇ ಎರಡೂ ಫೋನಿನ ಸಿಮ್ ತೆಗೆದು, ಕಾಗದದಲ್ಲಿ ಸುತ್ತಿ ಜೇಬಿಗಿಳಿಸಿ, "ಸಂಜೆಗೆ ಹೋಟೆಲಲ್ಲಿ ಪುಕ್ಕಟೆ ವೈಫೈ ಇರುತ್ತೆ. ಹಗಲೆಲ್ಲ ನಮ್ಮನ್ನ ನೆನೆಸ್ಕೊಂಡು ಅಳೋರು ಯಾರಿದಾರೆ?" ಎಂದಿದ್ದ.

ಅಷ್ಟರಲ್ಲಿ ಕೌಂಟರಿನ ಹುಡುಗಿ ಅವರಿಬ್ಬರನ್ನೂ ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ಎದ್ದುನಿಂತಳು. ಅವಳು ಏನೋ ಹೇಳಿದಳು, ಭಾಷೆ ತಿಳಿಯಲಿಲ್ಲ. ಕೊನೆಗೆ ಗೋಡೆಯ ಟಿ.ವಿ.ಯತ್ತ ಬೆರಳು ಮಾಡಿದಳು. ನೀಲಿ ನೀರಿನ ಮೇಲೆ ದೋಣಿಯ ಹೊಟ್ಟೆ ಮೇಲಾಗಿತ್ತು.

ಬೆಳಿಗ್ಗೆ ಅವರು ಹತ್ತಬೇಕಿದ್ದ ದೋಣಿ ಅದು. ಪ್ರವಾಸದ ತಂಡವೆಲ್ಲ ಹತ್ತುವ ಹೊತ್ತಿಗೆ ಗಂಡನಿಗೆ ಹೊಟ್ಟೆ ಕೆಟ್ಟಿತ್ತು. ಪಕ್ಕದ ರೂಮಿನ ಮೇಷ್ಟ್ರಮ್ಮ ಟೈಲರಕ್ಕನ ಕೈ ಹಿಡಿದು, "ಅವ್ರು ಇಲ್ಲೇ ಕೂತಿರ್ಲಿ, ನೀವಾದ್ರೂ ಬನ್ನಿ" ಎಂದು ಎಳೆದಿದ್ದರು. ಅವಳು ಮನಸ್ಸಿಲ್ಲದ ಮನಸ್ಸಿಂದ ಕೈ ಬಿಡಿಸಿಕೊಂಡು, ಸಂಜೆಯವರೆಗೂ ಪಾರ್ಕಿನ ಬೆಂಚಿನ ಮೇಲೆ ಗಂಡನ ಪಕ್ಕ ಮುಖ ಊದಿಸಿಕೊಂಡು ಕೂತಿದ್ದಳು.

ಉಳಿದದ್ದು ಫೋನಿಗೆ ಬಂದ ಬೇರೆ ಸಂದೇಶಗಳಿಂದ ತಿಳಿಯಿತು. ತಂಡದ ಕೆಲವರು ಆಸ್ಪತ್ರೆಯಲ್ಲಿದ್ದರು. ಮೇಷ್ಟ್ರಮ್ಮ ಸಿಕ್ಕಿರಲಿಲ್ಲ. ದೋಣಿಯ ಪಟ್ಟಿಯಲ್ಲಿದ್ದ ಇವರಿಬ್ಬರ ಹೆಸರೂ ಸಿಗದವರ ಜೊತೆಗೆ ಸೇರಿಹೋಗಿತ್ತು. ಟೈಲರಕ್ಕ ತನ್ನ ಮಣಿಕಟ್ಟನ್ನೇ ನೋಡಿಕೊಂಡಳು. ಆ ಹಿಡಿತ ಇನ್ನೂ ಅಲ್ಲೇ ಇದ್ದಂತಿತ್ತು. ಅವಳು ನೆಲದ ಮೇಲೇ ಕೂತುಬಿಟ್ಟಳು.

ಫೋನು ಮತ್ತೊಮ್ಮೆ ನಡುಗಿತು. ತಮ್ಮನ ಧ್ವನಿಸಂದೇಶಗಳು, ಒಂದರ ಹಿಂದೊಂದು.

ಅಮ್ಮ ಹೋದ ಮೇಲೆ ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ ಅವನು. ಇಷ್ಟಪಟ್ಟವಳನ್ನು ಮದುವೆಯಾಗುತ್ತೇನೆಂದಾಗ ಟೈಲರಕ್ಕನೇ, "ಅವಳು ಬಂದ್ರೆ ನನ್ನ ಬಾಗಿಲು ಮುಚ್ಚಿತು" ಎಂದಿದ್ದಳು. ಅವನೂ ಸುಮ್ಮನಿರಲಿಲ್ಲ. ಅಂದಿನಿಂದ ಮಾತಿಲ್ಲ, ಕತೆಯಿಲ್ಲ.

"ಅಕ್ಕಾ, ಎತ್ತಕ್ಕಾ... ಟಿ.ವಿ.ಲಿ ಏನೇನೋ ತೋರಿಸ್ತಿದಾರೆ."

"ಅಕ್ಕಾ, ನೀ ಸತ್ರೂ ಮುಖ ನೋಡಕ್ಕೆ ಬರಲ್ಲ ಅಂದಿದ್ನಲ್ಲ... ಸಿಟ್ಟಲ್ಲಿ ಅಂದಿದ್ದು ಕಣೇ. ನನ್ನ ಬಾಯಿಗಷ್ಟು ಹುಳ ಬೀಳ."

ಕೊನೆಯದರಲ್ಲಿ ಜನರ ಗದ್ದಲ, ಯಾವುದೋ ಪ್ರಕಟಣೆ. "ವಿಮಾನ ಹತ್ತಿದೀನಿ. ನಿನ್ನನ್ನ ಅಲ್ಲಿ ಯಾರೋ ಪರದೇಶಿ ಥರ ಬಿಟ್ಟುಬಿಡಲ್ಲಕ್ಕ. ಕರ್ಕೊಂಡು ಬರ್ತೀನಿ."

ಗಂಡ ಕೇಳುತ್ತ ನಿಂತಿದ್ದವನು ಜೇಬಿಗೆ ಕೈಹಾಕಿದ. ಕಾಗದದ ಪೊಟ್ಟಣ ಬಿಚ್ಚಿದ. "ಪಿನ್ ಕೊಡು, ಪಿನ್ನು" ಎಂದ. ಅವಳ ಬಳೆಯಲ್ಲಿದ್ದ ಪಿನ್ನಿನಿಂದಲೇ ಸಿಮ್ ಹಾಕಿ, "ಬಿಲ್ಲಿನ ಮನೆ ಹಾಳಾಗ್ಲಿ, ಫೋನ್ ಮಾಡು" ಎಂದ.

ತಮ್ಮನ ಫೋನು ಆಫ್ ಆಗಿತ್ತು. ಗಂಡನ ಫೋನಿನಲ್ಲಿದ್ದ ನಂಬರು ನೋಡಿ ತಮ್ಮನ ಹೆಂಡತಿಗೆ ಮಾಡಿದಳು. ಆ ಹುಡುಗಿಯೊಡನೆ ಅವಳು ಒಂದು ಮಾತೂ ಆಡಿದ್ದಿಲ್ಲ.

"ನಾನು... ಅವನ ಅಕ್ಕ."

ಆ ಕಡೆಯಿಂದ ಮೆಲ್ಲಗೆ, "ಅತ್ತಿಗೆ... ನೀವು ಎಲ್ಲಿಂದ ಮಾತಾಡ್ತಿದೀರ?"

"ಬದುಕಿದೀವಮ್ಮ. ಇಬ್ರೂ ಬದುಕಿದೀವಿ. ಅವನಿಗೆ ಹೇಗಾದ್ರೂ ತಿಳಿಸು."

"ಹೇಗೆ ತಿಳಿಸ್ಲಿ ಅತ್ತಿಗೆ? ದಾರೀಲಿ ವಿಮಾನ ಬೇರೆ ಬದಲಾಯಿಸ್ಬೇಕಂತೆ. ಅವ್ರ ಫೋನಿಗೆ ರೋಮಿಂಗ್ ಇಲ್ಲ. ನಾಳೆ ಬೆಳಿಗ್ಗೆ ಇಳೀತಾರೆ." ಅಷ್ಟು ಹೇಳಿ ಅವಳು ಹೋ ಎಂದು ಅಳತೊಡಗಿದಳು. ಟೈಲರಕ್ಕ ಕರೆ ಮುಗಿಸಲಿಲ್ಲ. ಆ ಅಳು ತಣಿಯುವವರೆಗೂ ಫೋನು ಕಿವಿಗಿಟ್ಟುಕೊಂಡೇ ಕೂತಳು. ಗಂಡನೂ ಸಾಕು ಎನ್ನಲಿಲ್ಲ.

ಬೆಳಿಗ್ಗೆ ಅವರಿಬ್ಬರೂ ವಿಮಾನ ನಿಲ್ದಾಣದ ಕಂಬಿಗೆ ಒರಗಿ ನಿಂತಿದ್ದರು. ಎದುರಿನ ಗಾಜಿನ ಬಾಗಿಲು ಸರಿದಾಗಲೆಲ್ಲ ಜನ ಪೆಟ್ಟಿಗೆ ತಳ್ಳಿಕೊಂಡು, ನಗುತ್ತ, ಟೋಪಿ ಸರಿಮಾಡಿಕೊಳ್ಳುತ್ತ ಬರುತ್ತಿದ್ದರು. ಎಲ್ಲರ ಹಿಂದೆ ತಮ್ಮ ಬಂದ. ಕೈಯಲ್ಲಿ ಪಾಸ್‌ಪೋರ್ಟ್ ಬಿಟ್ಟರೆ ಸಾಮಾನಿರಲಿಲ್ಲ. ವರ್ಕ್‌ಶಾಪಿನ ಅಂಗಿ, ಮಸಿ ಮೆತ್ತಿದ ತೋಳು. ಹೇಗಿದ್ದನೋ ಹಾಗೇ ಹೊರಟುಬಂದಿದ್ದ. ಕಿವಿಯ ಪಕ್ಕ ನಾಲ್ಕು ಬಿಳಿ ಕೂದಲು ಬಂದಿದ್ದವು. ಅವನ್ನು ಅವಳು ನೋಡಿಯೇ ಇರಲಿಲ್ಲ.

ಅವಳು ಕಂಬಿಯ ಮೇಲಿಂದ ಕೈ ಎತ್ತಿದಳು. ಯಾರನ್ನು ಕೇಳುವುದೆಂದು ಅತ್ತಿತ್ತ ಹುಡುಕುತ್ತಿದ್ದ ಅವನ ಕಣ್ಣು ಒಮ್ಮೆ ಅವಳನ್ನು ದಾಟಿ ಮುಂದೆ ಹೋಯಿತು. ಮತ್ತೆ ಹಿಂದಿರುಗಿತು.

ಅವನು ನಿಂತುಬಿಟ್ಟ, ಸರಿಯಾಗಿ ಹೊಸ್ತಿಲ ಮೇಲೆ. ಗಾಜಿನ ಬಾಗಿಲು ಎರಡೂ ಕಡೆಯಿಂದ ಮುಚ್ಚಿಕೊಳ್ಳಲು ಬಂದು, ಅವನ ಭುಜದ ಹತ್ತಿರ ತಡೆದು ಹಿಂದೆ ಸರಿಯಿತು. ಮತ್ತೆ ಬಂದಿತು, ಮತ್ತೆ ಸರಿಯಿತು.